ಪುಟ್ಟನ ತಲೆಯ ಚಿತ್ರ

ಫೆಬ್ರವರಿ ೩

ಪ್ರೀತಿಯ ಪುಟ್ಟನಿಗೆ,

ನಿನ್ನ ಪತ್ರಕ್ಕೆ ಉತ್ತರ ಬರೆಯುವುದು ತಡವಾಯಿತು, ಬೈಯಬೇಡ. ಫೋನು ಮಾಡಿದರೆ ನೀನೊಬ್ಬನೇ ಮಾತಾಡುತ್ತೀಯ, ನಾನು ಹೂಂ ಹೂಂ ಎನ್ನುತ್ತ ಕೂರಬೇಕು. ಪತ್ರದಲ್ಲಾದರೆ ನನಗೂ ಸರದಿ ಸಿಗುತ್ತದೆ. ನಿನ್ನ ಹೆಂಡತಿಯ ಮಂಡಿನೋವು ಹೇಗಿದೆ? ಮೆಟ್ಟಿಲು ಹತ್ತಬಾರದು ಎಂದಿದ್ದಾರಂತೆ ಡಾಕ್ಟರು. ಊರಿನ ಲಿಫ್ಟುಗಳನ್ನೆಲ್ಲ ರಿಪೇರಿ ಮಾಡುವವನ ಹೆಂಡತಿಗೆ ಲಿಫ್ಟಿಲ್ಲದ ಮೂರನೇ ಮಹಡಿ! ನಿನಗೆ ಏನು ಹೇಳಲಿ?

ಇಲ್ಲಿ ನನಗೆ ಕೆಲಸ ಕುತ್ತಿಗೆಯ ತನಕ ಬಂದಿದೆ. ವರ್ಷದ ಕೊನೆಗೆ ನಿವೃತ್ತಿ, ಅಷ್ಟರೊಳಗೆ ದೊಡ್ಡ ಪ್ರಬಂಧ ಮುಗಿಯಬೇಕು. ನನ್ನ ಸಂಶೋಧನೆ ಏನು ಅಂತ ಕೇಳಿ ಕೇಳಿ ಸಾಕಾಗಿ ನೀನು ಕೇಳುವುದನ್ನೇ ಬಿಟ್ಟಿದ್ದೀಯ, ಇವತ್ತು ಸರಿಯಾಗಿ ಹೇಳುತ್ತೇನೆ. ಕಿವಿಯಿಂದ ನೇರ ಒಳಕ್ಕೆ ಹೋದರೆ ಮಿದುಳಿನ ಆಳದಲ್ಲಿ ಎಡಕ್ಕೊಂದು, ಬಲಕ್ಕೊಂದು ಬೆರಳುದ್ದದ ಮಡಿಕೆ ಇದೆ. ಇವತ್ತು ನಡೆದದ್ದು ನಾಳೆಗೆ ನೆನಪಾಗಿ ಉಳಿಯಬೇಕಾದರೆ ಅದು ಚೆನ್ನಾಗಿರಬೇಕು. ಮರೆವಿನ ಕಾಯಿಲೆ ಬರುವವರಲ್ಲಿ, ಮರೆವು ಯಾರ ಕಣ್ಣಿಗೂ ಬೀಳುವ ಮೊದಲೇ ಅದು ಸೊರಗಲು ಶುರುವಾಗುತ್ತದೆ. ಎಷ್ಟು ಸೊರಗಿದರೆ ಅಪಾಯ ಎಂದು ಎಂ.ಆರ್.ಐ. ಚಿತ್ರದಲ್ಲಿ ಅಳೆದು ಹೇಳುವುದು ಹೇಗೆ ಎಂಬ ಒಂದೇ ಪ್ರಶ್ನೆಯಲ್ಲಿ ನನ್ನ ಕೂದಲು ನರೆತಿದೆ. ಈಗ ಆ ಅಳತೆಯನ್ನೇ ಪರೀಕ್ಷೆಗೆ ಹಚ್ಚಿದ್ದೇವೆ. ಕಾಯಿಲೆಯವರ ಚಿತ್ರ, ಆರೋಗ್ಯವಾಗಿರುವವರ ಚಿತ್ರ ಎಲ್ಲ ಕಲೆಸಿ ನನ್ನ ಕತ್ತಲೆ ಕೋಣೆಗೆ ಬರುತ್ತವೆ. ಹೆಸರಿಲ್ಲ, ಮುಖ ಅಳಿಸಿರುತ್ತಾರೆ, ಬರೀ ನಂಬರು. ನಾನು ಅಳೆದು ಬರೆದ ಮೇಲೆ ನನ್ನ ಶಿಷ್ಯೆ ಯಾವುದು ಯಾವ ಗುಂಪಿನದು ಎಂದಷ್ಟೇ ಹೇಳುತ್ತಾಳೆ.

ಹೋದ ವಾರ ಒಂದು ಚಿತ್ರ ಬಂತು. ಮಡಿಕೆ ಸೊರಗಿದೆ ಎಂದು ಬರೆದೆ. ಶಿಷ್ಯೆ ಪಟ್ಟಿ ನೋಡಿ, "ಮೇಡಂ, ಇದು ಆರೋಗ್ಯವಂತರ ಗುಂಪಿಂದು" ಅಂದಳು. ಅಂದರೆ ಆ ಮನುಷ್ಯ ತನಗೇನೂ ಆಗಿಲ್ಲ ಎಂದುಕೊಂಡು ಓಡಾಡಿಕೊಂಡಿದ್ದಾನೆ. ಅವತ್ತಿನಿಂದ ಆ ಚಿತ್ರ ತಲೆಯಿಂದ ಹೋಗುತ್ತಲೇ ಇಲ್ಲ.

ಅದಿರಲಿ. ನಾವು ಚಿಕ್ಕವರಿದ್ದಾಗ ಮಹಡಿಯಲ್ಲಿ ಬಾಡಿಗೆಗಿದ್ದ ಟೈಲರ್ ನೆನಪಿದ್ದಾನಾ? ಅವನ ಬೆಕ್ಕು ಯಾವ ಬಣ್ಣದ್ದು? ಸುಮ್ಮನೆ ಕೇಳಿದೆ.

ನಿನ್ನ ಅಕ್ಕ


ಫೆಬ್ರವರಿ ೧೨

ಅಕ್ಕಾ,

ಬೆಕ್ಕಿನ ಬಣ್ಣ ಕೇಳುವುದಕ್ಕೆ ಪ್ರೊಫೆಸರಮ್ಮ ಪತ್ರ ಬರೆದರು ಅಂತ ಇವಳಿಗೆ ಓದಿ ಹೇಳಿದೆ. ನಕ್ಕಳು. ಮಂಡಿ ಪರವಾಗಿಲ್ಲ, ಬಾಯಿಗಂತೂ ಯಾವ ನೋವೂ ಇಲ್ಲ.

ಬೆಕ್ಕು ಕಪ್ಪು ಬಿಳುಪು. ಒಂದು ಕಿವಿ ಹರಿದಿತ್ತು. ಯಾರದೋ ಮದುವೆಗೆ ಹೊಲಿದಿಟ್ಟ ಕೋಟಿನ ಮೇಲೆ ಅದು ಮರಿ ಹಾಕಿ, ಟೈಲರ್ ಆ ಗಿರಾಕಿಗೆ, "ಸ್ವಾಮಿ, ಇನ್ನೆರಡು ವಾರ ತಡೀರಿ, ಕಣ್ಣು ಬಿಡಲಿ" ಅಂದಿದ್ದ. ಆ ಮನುಷ್ಯ, "ಯಾರ ಕಣ್ಣಯ್ಯಾ?" ಅಂತ ಕೂಗಾಡಿದ್ದು ಕೆಳಗೆ ನಮಗೆ ಕೇಳಿಸಿತ್ತು. ನೀನು ಮೆಟ್ಟಿಲ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ. ಇನ್ನೂ ಏನು ಬೇಕು ಕೇಳು. ನಿವೃತ್ತಿ ಹತ್ತಿರ ಬಂತು, ಹಳೆಯದೆಲ್ಲ ನೆನಪಾಗುತ್ತಿದೆ ನಿನಗೆ. ಒಳ್ಳೆಯದೇ ಆಯಿತು. ಇಷ್ಟು ವರ್ಷ ಬೇರೆಯವರ ತಲೆಯೊಳಗೇ ಇದ್ದೆ, ಈಗಲಾದರೂ ಮನೆ ಕಡೆ ನೋಡು.

ಆ ಚಿತ್ರದ ಮನುಷ್ಯನಿಗೆ ಹೇಳಿಬಿಡಬಾರದಾ? ನಂಬರಿಂದ ಹೆಸರು ಹುಡುಕಿ ಒಂದು ಫೋನ್ ಮಾಡಿದರೆ ಮುಗಿಯಿತಲ್ಲ.

ನಿನ್ನ ಪುಟ್ಟ (ಮೊಮ್ಮಗ ಬಂದರೂ ನಾನು ಪುಟ್ಟನೇ, ಏನು ಗ್ರಹಚಾರವೋ)


ಮಾರ್ಚ್ ೫

ಪ್ರೀತಿಯ ಪುಟ್ಟನಿಗೆ,

ಫೋನ್ ಮಾಡಿದರೆ ಮುಗಿಯುವುದಿಲ್ಲ, ಅಲ್ಲಿಂದ ಶುರುವಾಗುತ್ತದೆ. ಹೆಸರಿನ ಪಟ್ಟಿ ನನ್ನ ಕೈಗೆ ಸಿಗದಂತೆ ಬೀಗ ಹಾಕಿಟ್ಟಿರುವುದೇ ನಾನು. ಹೆಸರು ಗೊತ್ತಾದರೆ ಅಳೆಯುವ ಕೈ ವಾಲುತ್ತದೆ. ಗಡ್ಡೆ ಗಿಡ್ಡೆ ಕಂಡರೆ ಮಾತು ಬೇರೆ, ಆಸ್ಪತ್ರೆಯ ನೈತಿಕ ಸಮಿತಿಗೆ ಬರೆದರೆ ಅವರೇ ಆ ವ್ಯಕ್ತಿಗೆ ತಿಳಿಸುತ್ತಾರೆ. ಇದು ಹಾಗಲ್ಲ. ಇವತ್ತು ಇದಕ್ಕೆ ಕೊಟ್ಟು ವಾಸಿ ಮಾಡುವ ಔಷಧಿ ನಮ್ಮ ಕೈಯಲ್ಲಿಲ್ಲ. ಹೇಳಿದರೆ ಒಬ್ಬನ ಉಳಿದ ಒಳ್ಳೆಯ ವರ್ಷಗಳಿಗೂ ಹುಳಿ ಹಿಂಡಿದಂತೆ. ಹೇಳದಿದ್ದರೆ, ಆಸ್ತಿಪಾಸ್ತಿ, ಕೆಲಸ, ಮಕ್ಕಳಿಗೆ ಹೇಳಬೇಕಾದ ಮಾತು, ಇದಕ್ಕೆಲ್ಲ ಅವನಿಗಿದ್ದ ಸಮಯವನ್ನು ನಾನು ಕಿತ್ತುಕೊಂಡಂತೆ. ಎರಡರ ನಡುವೆ ಸಿಕ್ಕಿಕೊಂಡಿದ್ದೇನೆ. ನೀನಾಗಿದ್ದರೆ ಏನನ್ನುತ್ತಿದ್ದೆ? ನಿನಗೆ ಗೊತ್ತಾಗಬೇಕು ಅನಿಸುತ್ತಿತ್ತಾ?

ಇನ್ನೊಂದು ಕೆಲಸ ನಿನಗೆ. ಹೋದ ವರ್ಷ ನೀನು ಬಂದು ನನ್ನ ಜೊತೆ ಒಂದು ವಾರ ಇದ್ದೆಯಲ್ಲ, ಆ ವಾರ ದಿನಾ ಏನೇನು ಮಾಡಿದೆವು ಬರೆದು ಕಳಿಸು. ಹೆಂಡತಿಯನ್ನು ಕೇಳಬೇಡ. ನೀನೇ ನೆನಪು ಮಾಡಿಕೊಂಡು ಬರೆ. ನಗಬೇಡ, ಬರೆ.

ನಿನ್ನ ಅಕ್ಕ


ಮಾರ್ಚ್ ೧೬

ಅಕ್ಕಾ,

ಅಪ್ಪಣೆ ತಾಯಿ. ಸೋಮವಾರ ಬಂದೆ. ನಿಲ್ದಾಣಕ್ಕೆ ನೀನು ಬಂದಿದ್ದೆ, ಛತ್ರಿ ಟ್ಯಾಕ್ಸಿಯಲ್ಲೇ ಬಿಟ್ಟೆ, ಆಮೇಲೆ ಡ್ರೈವರ್ ತಂದು ಕೊಟ್ಟ. ಮಂಗಳವಾರ ನಿನ್ನ ಅಡುಗೆಮನೆಯ ನಲ್ಲಿ ರಿಪೇರಿ ಮಾಡಿದೆ. ಸೋರುತ್ತಿದ್ದುದು ನಿಂತಿತು, ನೀರು ಬರುವುದೂ ನಿಂತಿತು. ಕೊನೆಗೆ ಪ್ಲಂಬರ್ ಬಂದ. ಬುಧವಾರ ನದಿ ದಂಡೆಯಲ್ಲಿ ನಡೆದೆವು, ನಿನ್ನ ಚಪ್ಪಲಿ ಕಿತ್ತುಹೋಗಿ ನೀನು ನನ್ನದನ್ನು ಹಾಕಿಕೊಂಡೆ, ನಾನು ಬರಿಗಾಲಲ್ಲಿ ಬಂದೆ. ಶುಕ್ರವಾರ ನಿನ್ನ ಶಿಷ್ಯೆ ಊಟಕ್ಕೆ ಬಂದಿದ್ದಳು, ನಾನು ಆಮ್ಲೆಟ್ ಹೊತ್ತಿಸಿದೆ. ಪಾಪ, ಪೂರ್ತಿ ತಿಂದಳು. ಶನಿವಾರ ಸಿನಿಮಾ, ನೀನು ಅರ್ಧಕ್ಕೇ ನಿದ್ದೆ ಹೋದೆ. ಭಾನುವಾರ ರೈಲು. ನೂರಕ್ಕೆ ನೂರು ಕೊಡು.

ನಿನ್ನ ಪ್ರಶ್ನೆಗೆ ಉತ್ತರ: ನನಗೆ ಗೊತ್ತಾಗಬೇಕು. ಹಗ್ಗ ಸವೆದಿದೆ ಅಂತ ಕಂಡರೆ ನಾನು ಲಿಫ್ಟಿಗೆ ಬೋರ್ಡು ತಗುಲಿಸಿಯೇ ಹೋಗುವುದು. ಜನ ಬೈಯುತ್ತಾರೆ, ಬೈಯಲಿ. ಮೆಟ್ಟಿಲು ಇದೆಯಲ್ಲ, ನಿಧಾನವಾಗಿ ಹತ್ತುತ್ತಾರೆ.

ನಿನ್ನ ಪುಟ್ಟ


ಏಪ್ರಿಲ್ ೨೦

ಪುಟ್ಟ,

ಪತ್ರ ತಲುಪಿತು. ಬರೆಯಲು ಕೂತು ಕೂತು ಎದ್ದಿದ್ದೇನೆ. ನೀನು ಚೆನ್ನಾಗಿ ಬರೆದಿದ್ದೀಯ. ಆದರೆ ಆ ವಾರದಲ್ಲಿ ಏನಾದರೂ ಬಿಟ್ಟುಹೋಯಿತಾ? ಅವಸರ ಮಾಡಬೇಡ, ನಿಧಾನವಾಗಿ ಯೋಚಿಸು.

ಕೆಲಸದಲ್ಲಿ ಏನಾದರೂ ತಪ್ಪುತ್ತಿದೆಯಾ? ಬೀಗದ ಕೈ, ಕನ್ನಡಕ, ಹೋಗಬೇಕಾದ ವಿಳಾಸ? ನಿದ್ದೆ ಬರುತ್ತದಾ? ಲಿಫ್ಟಿನ ಬಾವಿಗೆ ಒಬ್ಬನೇ ಇಳಿಯಬೇಡ, ಯಾರನ್ನಾದರೂ ಜೊತೆಗೆ ಕರೆದುಕೋ. ಇದೊಂದು ಮಾತು ನಡೆಸಿಕೊಡು.

ಮಹಡಿಯಲ್ಲಿದ್ದ ಟೈಲರ್ ನೆನಪಿದ್ದಾನಾ? ಅವನ ಬೆಕ್ಕಿನ ಬಣ್ಣ ಯಾವುದಿತ್ತು?

ನಿನ್ನ ಅಕ್ಕ


ಏಪ್ರಿಲ್ ೨೮

ಅಕ್ಕಾ,

ಬೆಕ್ಕು ಮತ್ತೆ ಬಂತು! ಕಪ್ಪು ಬಿಳುಪು, ಮೇಡಂ. ಹೋದ ಸಲವೂ ಅದೇ ಬಣ್ಣ ಇತ್ತು, ಈ ಸಲವೂ ಅದೇ. ನಿನ್ನ ವಿದ್ಯಾರ್ಥಿಗಳಿಗೂ ಹೀಗೇ ಒಂದೇ ಪ್ರಶ್ನೆ ಎರಡು ಸಲ ಕೊಡುತ್ತೀಯಾ? ಪಾಪದವರು.

ಆ ವಾರದಲ್ಲಿ ಏನೂ ಬಿಟ್ಟುಹೋಗಿಲ್ಲ. ಬರೆದದ್ದಷ್ಟೇ. ಇನ್ನು ಆ ಮಾತು ಬೇಡ.

ನಾನು ಗಟ್ಟಿಮುಟ್ಟಾಗಿದ್ದೇನೆ. ಬಾವಿಗೆ ಒಬ್ಬನೇ ಇಳಿಯುವ ಪದ್ಧತಿ ನಮ್ಮಲ್ಲಿ ಇಲ್ಲವೇ ಇಲ್ಲ. ನಿನಗೇನಾಗಿದೆ? ಪತ್ರದಲ್ಲಿ ದನಿ ಸಪ್ಪಗಿದೆ. ಇವಳೂ ಅದನ್ನೇ ಅಂದಳು: "ಅತ್ತಿಗೆ ಒಬ್ರೇ ಇದ್ದು ಇದ್ದು ಬೇಜಾರಾಗಿದೆ ಕಣ್ರೀ, ಇಲ್ಲಿಗೆ ಬಂದಿರಿ ಅಂತ ಬರೀರಿ." ನಿವೃತ್ತಿಯಾದ ಮೇಲೆ ಇಲ್ಲಿಗೇ ಬಂದುಬಿಡು. ಮೂರನೇ ಮಹಡಿ, ಅದೊಂದು ಸಹಿಸಿಕೋ.

ನಿನ್ನ ಪುಟ್ಟ


ಮೇ ೨೨

ಪ್ರೀತಿಯ ಪುಟ್ಟನಿಗೆ,

ನೀನು ಗೊತ್ತಾಗಬೇಕು ಅಂದಿದ್ದೀಯ. ಆ ಒಂದು ಮಾತನ್ನು ಹಿಡಿದುಕೊಂಡು ಬರೆಯುತ್ತಿದ್ದೇನೆ. ಕೂತುಕೊಂಡು ಓದು.

ಆ ಚಿತ್ರ ನಿನ್ನದು.

ಪಟ್ಟಿ ನೋಡಿಲ್ಲ, ಬೀಗ ಹಾಗೇ ಇದೆ. ಗೊತ್ತಾದದ್ದು ಹಣೆಯಿಂದ. ಹುಬ್ಬಿನ ಮೇಲೆ ಮೂಳೆಯೊಳಗೆ ಗಾಳಿ ತುಂಬಿದ ಪೊಳ್ಳು ಇರುತ್ತದೆ. ಅದರ ಅಂಚು ಒಬ್ಬೊಬ್ಬರದು ಒಂದೊಂದು ಥರ. ಮುಖ ಅಳಿಸಿದರೂ ಅದು ಉಳಿದಿರುತ್ತದೆ. ನಾನು ವಿದ್ಯಾರ್ಥಿಯಾಗಿದ್ದಾಗ ಮೊದಲು ಬೆಳಕಿಗೆ ಹಿಡಿದು ನೋಡಿದ ಎಕ್ಸ್‌ರೇ ನಮ್ಮ ಅಪ್ಪನದು. ಎಡಗಡೆ ಪೊಳ್ಳೇ ಇಲ್ಲ, ಬಲಗಡೆಯದು ಎಡಕ್ಕೆ ದಾಟಿ ಬಂದು ಮೂರು ಉಬ್ಬುಗಳಾಗಿ ಹರಡಿದೆ. ಇಷ್ಟು ವರ್ಷದಲ್ಲಿ ಅಂಥದ್ದು ಇನ್ನೊಂದು ನೋಡಿರಲಿಲ್ಲ, ಈ ಚಿತ್ರದ ತನಕ. ನಮ್ಮ ಮನೆಯಿಂದ ಈ ಅಧ್ಯಯನಕ್ಕೆ ಬಂದವನು ನೀನೊಬ್ಬನೇ. ನೀನು ಬಂದಿದ್ದ ಆ ವಾರದ ಗುರುವಾರ, ಆರೋಗ್ಯವಂತರ ಗುಂಪಿಗೆಂದು ನಾನೇ ನಿನ್ನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ನೀನು ಯಂತ್ರದಲ್ಲಿ ಮಲಗಿದ್ದೆ, ನಾನು ಗಾಜಿನ ಆಚೆ ನಿಂತಿದ್ದೆ.

ಆ ಗುರುವಾರವೇ ನಿನ್ನ ಪತ್ರದಲ್ಲಿಲ್ಲ. ಬುಧವಾರದಿಂದ ನೇರ ಶುಕ್ರವಾರಕ್ಕೆ ಹೋಗಿದ್ದೀಯ. ಇನ್ನೊಮ್ಮೆ ಕೇಳಿದರೂ ಏನೂ ಬಿಟ್ಟಿಲ್ಲ ಎಂದೆ. ಟೈಲರಿನ ಬೆಕ್ಕು ಎಷ್ಟು ಚೆನ್ನಾಗಿ ನೆನಪಿದ್ದರೂ ನನಗೆ ಧೈರ್ಯ ಬರುವುದಿಲ್ಲ ಪುಟ್ಟ, ಹಳೆಯದು ಗಟ್ಟಿಯಾಗಿಯೇ ಉಳಿಯುತ್ತದೆ, ಮೊದಲು ಹೋಗುವುದು ಹೊಸದು. ಅದನ್ನು ಎರಡನೇ ಸಲ ಕೇಳಿದ್ದು ಬೇಕೆಂದೇ. ಉತ್ತರ ಬದಲಾಗುತ್ತದಾ ಎಂದು ನೋಡುವುದು ನಮ್ಮ ಪದ್ಧತಿ.

ಇನ್ನೊಂದು ಹೇಳಬೇಕು. ನಿನ್ನ ಪತ್ರದಲ್ಲಿ ಗುರುವಾರ ಇಲ್ಲ ಎಂದು ಕಂಡ ಕ್ಷಣ ನನ್ನೊಳಗೆ ಒಬ್ಬಳು, 'ನೋಡು, ನನ್ನ ಅಳತೆ ಸರಿ' ಎಂದು ಕುಣಿದಳು. ಒಂದೇ ಕ್ಷಣ. ಆಮೇಲೆ ಅವಳನ್ನು ನೆನೆದು ನನಗೆ ಹೇಸಿಗೆಯಾಯಿತು. ನೀನು ಬಂದುಬಿಡು. ಒಳ್ಳೆಯ ಡಾಕ್ಟರಿಗೆ ತೋರಿಸೋಣ, ಪೂರ್ತಿ ಪರೀಕ್ಷೆ ಮಾಡಿಸೋಣ. ನಾನಿದ್ದೇನೆ, ಹೆದರಬೇಡ.

ನಿನ್ನ ಅಕ್ಕ


ಮೇ ೨೭

ಅಕ್ಕಾ,

ನಿನ್ನ ಪತ್ರ ಓದಿದೆ, ಮತ್ತೆ ಓದಿದೆ, ಆಮೇಲೆ ಜೋರಾಗಿ ನಕ್ಕೆ. ಇವಳು ಅಡುಗೆಮನೆಯಿಂದ ಓಡಿ ಬಂದಳು. ಅಬ್ಬಾ! ಅದು ನನ್ನದಲ್ಲವೇ ಅಲ್ಲ ಮಾರಾಯ್ತಿ! ನಾನು ಗುರುವಾರ ಮರೆತಿಲ್ಲ. ಬೇಕೆಂದೇ ಬಿಟ್ಟೆ. ನೀನು ಮಾತು ಕೊಟ್ಟಿದ್ದೆಯಲ್ಲ, ಆ ಸುದ್ದಿ ಎತ್ತುವುದಿಲ್ಲ ಅಂತ. ಇಷ್ಟು ದಿನ ನೀನು ಮಾತಿಗೆ ನಿಂತಿದ್ದೀಯ ಅಂತ ಮನಸ್ಸಿನಲ್ಲೇ ಮೆಚ್ಚಿಕೊಂಡಿದ್ದೆ.

ನಡೆದದ್ದು ಏನು? ಆ ಹಿಂದೆ ಕಟ್ಟುವ ನಿಲುವಂಗಿ ಹಾಕಿಕೊಂಡು ಹಲಗೆಯ ಮೇಲೆ ಮಲಗಿದೆ. ಹಲಗೆ ಒಳಗೆ ಹೋಗಲು ಶುರುವಾಯಿತು, ಛಾವಣಿ ಮೂಗಿಗೆ ತಾಗುವಷ್ಟು ಹತ್ತಿರ ಬಂತು, ನಾನು ಕಿರುಚಿ ಹಾರಿ ಇಳಿದು ಕಾರಿಡಾರಿಗೆ ಓಡಿದೆ. ಹಿಂದಿನ ದಾರ ಬಿಚ್ಚಿತ್ತು. ಅಲ್ಲಿ ಬೆಂಚಿನ ಮೇಲೆ ಕೂತಿದ್ದ ಅಜ್ಜಿಯರು ನೋಡಬಾರದ್ದೆಲ್ಲ ನೋಡಿದರು. ದಿನಾ ಲಿಫ್ಟಿನ ಬಾವಿಯೊಳಗೆ ನೇತಾಡುವವನು ಒಂದು ಕೊಳವೆಗೆ ಹೆದರಿದ ಅಂತ ನಮ್ಮ ಹುಡುಗರಿಗೆ ಗೊತ್ತಾದರೆ ನಾನು ಕೆಲಸ ಬಿಡಬೇಕು. ಅದಕ್ಕೇ ಯಾರ ಹತ್ತಿರವೂ ಬಾಯಿ ಬಿಡಬೇಡ ಅಂದದ್ದು.

ನೀನು ಬಂದು ಕೈ ಹಿಡಿದುಕೊಂಡು, "ಏನೂ ಆಗಲ್ಲ ಕಣೋ, ನೋಡು, ನಾನೇ ಮಲಗಿ ತೋರಿಸ್ತೀನಿ" ಅಂದೆ. ವಾಚು, ಓಲೆ, ಕೂದಲ ಪಿನ್ನು ಎಲ್ಲ ಬಿಚ್ಚಿ ನನ್ನ ಕೈಗೆ ಕೊಟ್ಟೆ. ಗಾಜಿನ ಆಚೆ ನಿಂತವನು ನಾನು. ನೀನು ಒಳಗಿದ್ದೆ, ಯಂತ್ರ ಕಟಕಟ ಅಂತ ಬಹಳ ಹೊತ್ತು ಬಡಿದುಕೊಂಡಿತು. ಹೊರಗೆ ಬಂದು, "ನೋಡು, ಸತ್ತಿಲ್ಲ" ಅಂದೆ. ನಾನು ಆಗಲೂ ಒಪ್ಪಲಿಲ್ಲ. ಆ ಟೆಕ್ನೀಶಿಯನ್, "ಮೇಡಂ, ಇವತ್ತಿನ ಸರದಿ ಯಾಕೆ ದಂಡ ಮಾಡೋದು, ನಿಮ್ಮದನ್ನೇ ಇಟ್ಕೊಳ್ತೀನಿ, ನಿಮಗೂ ವಯಸ್ಸು ಸರಿಹೋಗುತ್ತೆ" ಅಂದ. ನೀನು, "ವಯಸ್ಸಿನ ಮಾತು ಬೇಡಪ್ಪ" ಅಂತ ನಕ್ಕು ಸಹಿ ಹಾಕಿದೆ

ಇಷ್ಟು ಬರೆದ ಮೇಲೆ ನನ್ನ ಕೈ ನಿಂತುಹೋಯಿತು.

ಅಕ್ಕಾ, ನಿನಗೆ ಇದು ನೆನಪಿಲ್ಲವಾ?

ಪುಟ್ಟ


ಜುಲೈ ೩೦

ಪ್ರೀತಿಯ ಪುಟ್ಟನಿಗೆ,

ನೀನು ಮಾಡಿದ ಫೋನುಗಳಿಗೆಲ್ಲ 'ಚೆನ್ನಾಗಿದ್ದೇನೆ, ಆಮೇಲೆ ಮಾತಾಡುತ್ತೇನೆ' ಎಂದು ಇಟ್ಟುಬಿಟ್ಟೆ. ಎಲ್ಲ ಗೊತ್ತಾದ ಮೇಲೆ ಬರೆಯೋಣ ಎಂದುಕೊಂಡಿದ್ದೆ. ಈಗ ಗೊತ್ತಾಗಿದೆ.

ನಿನ್ನ ಪತ್ರ ಬಂದ ದಿನವೇ ಟೆಕ್ನೀಶಿಯನ್‌ನನ್ನು ಕೇಳಿದೆ. "ಹೌದಲ್ಲ ಮೇಡಂ, ನಿಮ್ಮ ತಮ್ಮ ಓಡಿಹೋದ್ರಲ್ಲ" ಅಂದ. ಸಮಿತಿಗೆ ಬರೆದು ಬೀಗ ತೆಗೆಸಿದೆ. ಆ ನಂಬರಿನ ಮುಂದೆ ನನ್ನ ಹೆಸರು, ಸಹಿ ನನ್ನದೇ. ನನ್ನ ಕಣ್ಣಿಗೆ ಈಗಲೂ ಗಾಜಿನ ಆಚೆ ನಾನೇ ನಿಂತಿದ್ದೇನೆ, ಒಳಗೆ ನೀನು ಮಲಗಿದ್ದೀಯ. ಎಷ್ಟು ಪ್ರಯತ್ನಪಟ್ಟರೂ ಅದು ತಿರುಗುವುದಿಲ್ಲ. ಬೆಕ್ಕಿನ ಪ್ರಶ್ನೆಯನ್ನೂ ಬೇಕೆಂದು ಎರಡು ಸಲ ಕೇಳಿದ್ದಲ್ಲ. ನೀನು ಹೇಳಿದ ಮೇಲೆ ಆ ಕಾರಣ ಕಟ್ಟಿಕೊಂಡೆ, ಕಟ್ಟಿಕೊಂಡದ್ದು ಎಂದು ನನಗೂ ತಿಳಿಯಲಿಲ್ಲ.

ನೆನಪಿನ ಪರೀಕ್ಷೆಯನ್ನು ಮಾಡಿದವಳು ನನ್ನ ಹಳೆಯ ವಿದ್ಯಾರ್ಥಿನಿ. ಕೆಲವು ಪದ ಹೇಳಿ, ಬೇರೆ ಮಾತಾಡಿ, ಮತ್ತೆ ಆ ಪದಗಳನ್ನು ಕೇಳಿದಳು. ನಾನು ಕಿಟಕಿ ನೋಡುತ್ತ ಕೂತೆ. ಅವಳ ಕಣ್ಣಲ್ಲಿ ನೀರು. "ಏ, ಡಾಕ್ಟರು ಅಳಬಾರದು" ಎಂದು ನಾನೇ ಗದರಿಸಬೇಕಾಯಿತು. ಇದು ಶುರು ಮಾತ್ರ ಪುಟ್ಟ. ಇನ್ನೂ ಒಳ್ಳೆಯ ವರ್ಷಗಳಿವೆ, ಎಷ್ಟು ಎಂದು ಯಾರಿಗೂ ಹೇಳಲು ಬರುವುದಿಲ್ಲ, ನನ್ನ ಅಳತೆಗೂ ಬರುವುದಿಲ್ಲ.

ಮೊದಲು ಆದದ್ದು ಏನು ಗೊತ್ತಾ? ಸಂತೋಷ. ನಿನ್ನದಲ್ಲ ಎಂದು. ನಾಲ್ಕು ತಿಂಗಳು ನಿನ್ನನ್ನು ಕಳೆದುಕೊಂಡವಳ ಹಾಗೆ ಬದುಕಿದ್ದೆ. ಭಯ ಆಮೇಲೆ ಬಂತು, ಈಗಲೂ ಇದೆ. ಬೆಳಿಗ್ಗೆ ಎದ್ದ ಕೂಡಲೇ ಬರುತ್ತದೆ, ಕಾಫಿ ಕುಡಿದ ಮೇಲೆ ಸ್ವಲ್ಪ ಸರಿಯುತ್ತದೆ.

ರೋಗಿಗಳ ಚಿತ್ರ ಓದಿ ಸಹಿ ಹಾಕುವುದನ್ನು ನಿಲ್ಲಿಸಿದ್ದೇನೆ. ಯಾರೂ ಹೇಳಲಿಲ್ಲ, ನಾನೇ ಮುಖ್ಯಸ್ಥರಿಗೆ ಬರೆದುಕೊಟ್ಟೆ. ಕಳೆದ ವರ್ಷ ನಾನು ಓದಿದವನ್ನೆಲ್ಲ ಇನ್ನೊಬ್ಬರು ಮತ್ತೆ ನೋಡುತ್ತಿದ್ದಾರೆ. ಇದುವರೆಗೆ ತಪ್ಪು ಸಿಕ್ಕಿಲ್ಲ, ಅಷ್ಟು ಸಮಾಧಾನ. ಪ್ರಬಂಧವನ್ನು ಶಿಷ್ಯೆ ಬರೆಯುತ್ತಾಳೆ. ನನ್ನ ಚಿತ್ರ ಅದರಲ್ಲಿ ಇರಲಿ, ತೆಗೆಯಬೇಡ ಎಂದೆ. ಅಳತೆ ಸರಿಯಾಗಿಯೇ ಇತ್ತು, ನೋಡು. ಒಂದು ಜನ್ಮವಿಡೀ ಹುಡುಕಿದ್ದು ನನ್ನ ತಲೆಯಲ್ಲೇ ಸಿಕ್ಕಿತು, ಟ್ಯಾಕ್ಸಿ ಖರ್ಚೂ ಇಲ್ಲ.

ಶಿಷ್ಯೆಗೆ ಒಂದು ಆಸೆ ಇದೆ. ನನ್ನದರ ಪಕ್ಕ ಇಟ್ಟು ನೋಡುವುದಕ್ಕೆ ಒಡಹುಟ್ಟಿದವರ ಚಿತ್ರ ಒಂದಿದ್ದರೆ ಬಹಳ ಉಪಯೋಗ ಅಂದಳು. ನಾನು ಖಡಾಖಂಡಿತವಾಗಿ ಬೇಡ ಎಂದೆ. ನೀನು ಆ ಕೊಳವೆಯ ತಂಟೆಗೆ ಬರಬೇಕಾಗಿಲ್ಲ. ಸುಮ್ಮನೆ ಒಂದು ಸಲ ಬಂದು ಹೋಗು.

ನಿನ್ನ ಅಕ್ಕ


ಆಗಸ್ಟ್ ೬

ಅಕ್ಕಾ,

ನಿನ್ನ ಪತ್ರವನ್ನು ಇವಳಿಗೆ ಓದಿ ಹೇಳಲು ಹೋದೆ, ಆಗಲಿಲ್ಲ, ಅವಳೇ ಓದಿಕೊಂಡಳು. ಇಬ್ಬರೂ ಅತ್ತೆವು. ಅದನ್ನು ನಿನ್ನಿಂದ ಮುಚ್ಚಿಡುವುದು ಯಾಕೆ. ನೀನು ಮುಚ್ಚಿಟ್ಟದ್ದು, ನಾನು ಮುಚ್ಚಿಟ್ಟದ್ದು ಇಬ್ಬರಿಗೂ ಸಾಕು.

ಮುಂದಿನ ಭಾನುವಾರ ಹೊರಡುತ್ತೇನೆ. ಇವಳೂ ಬರುತ್ತಾಳೆ. ನಿನ್ನ ಮನೆ ಮೊದಲನೇ ಮಹಡಿ, ನಿಧಾನವಾಗಿ ಹತ್ತಿಸುತ್ತೇನೆ. ಎಷ್ಟು ದಿನ ಇರುತ್ತೀರಿ ಅಂತ ಕೇಳಬೇಡ.

ಶಿಷ್ಯೆಗೆ ಹೇಳು, ತಲೆ ತರುತ್ತಿದ್ದೇನೆ ಅಂತ. ಹೌದು, ಮಲಗುತ್ತೇನೆ. ನೀನು ಬೇಡ ಅಂದದ್ದನ್ನು ಓದಿದ ದಿನದಿಂದ ಬೆಳಿಗ್ಗೆ ತಿಂಡಿಗೆ ಮೊದಲು ಮಂಚದ ಕೆಳಗೆ ತೂರಿಕೊಂಡು ಅಭ್ಯಾಸ ಮಾಡುತ್ತಿದ್ದೇನೆ. ಮೊದಲ ದಿನ ಎದೆ ಹೊಡೆದುಕೊಂಡು ಹೊರಗೆ ಬಂದೆ. ಈಗ ಇವಳು ಪಕ್ಕದಲ್ಲಿ ಕೂತು ಪಾತ್ರೆಗೆ ಸೌಟಿನಿಂದ ಬಡಿಯುತ್ತಾಳೆ, ಯಂತ್ರದ ಶಬ್ದಕ್ಕೆ. ನಿನ್ನೆ ಕೆಳಗಿನ ಮನೆಯವರು ಬಂದು, "ಏನಾದ್ರೂ ತೊಂದ್ರೆನಾ?" ಅಂತ ಕೇಳಿದರು. "ಇಲ್ಲ, ನಮ್ಮನೆಯವರು ಮಂಚದ ಕೆಳಗಿದ್ದಾರೆ" ಅಂದಳು ಇವಳು.

ಒಂದೇ ಷರತ್ತು. ಒಳಗಿರುವವರಿಗೆ ಹೊರಗಿನವರ ಮಾತು ಕೇಳಿಸುವ ಹಾಗೆ ಮೈಕು ಇದೆಯಲ್ಲ, ಅದರ ಮುಂದೆ ನೀನು ಕೂರಬೇಕು. ಯಂತ್ರ ಸುಮ್ಮನಾದಾಗಲೆಲ್ಲ ಮಾತಾಡಬೇಕು. ಏನು ಮಾತಾಡುವುದು ಅಂತ ಯೋಚಿಸಬೇಡ. ಕೇಳಿದ್ದನ್ನೇ ಕೇಳು. ಒಳಗೆ ಅಲ್ಲಾಡಬಾರದಂತೆ, ಬಾಯಿ ತೆರೆಯಬಾರದಂತೆ, ಅದಕ್ಕೇ ಆಗ ಸುಮ್ಮನಿರುತ್ತೇನೆ. ಹೊರಗೆ ಬಂದ ಮೇಲೆ ಎಲ್ಲದಕ್ಕೂ ಉತ್ತರ ಹೇಳುತ್ತೇನೆ, ನೀನು ಎಷ್ಟು ಸಲ ಕೇಳಿದರೂ ಮೊದಲ ಸಲ ಕೇಳಿದಂತೆಯೇ ಹೇಳುತ್ತೇನೆ.

ನಿನ್ನ ಪುಟ್ಟ